ಮೊಳೆ ಹೊಡೆಯೋ ಹಕ್ಕು

ಬಹಳ ದಿನವಾಯ್ತು ಇಲ್ಲಿ ಏನಾದರೂ ಬರೆದು. ರಿಲೀಸು, ಡೆಡ್‌ಲೈನು, ಟ್ರಾಫಿಕ್ಕು... ಮಾಮೂಲಿ ನೆಪಗಳು, ಬಿಡಿ. ಇವತ್ತಿನ ವಿಷಯ ಕೇಳಿದರೆ ಕೆಲವರು ನಗಬಹುದು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮಲಗೋ ಕೋಣೆಯನ್ನ ಹೇಗೆ ಅಲಂಕರಿಸಬೇಕು ಅನ್ನೋದು! ಹುಡುಗಿ ನನ್ನ ಅಕ್ಕನ ಮಗಳು. "ಕಂಪ್ಯೂಟರ್ ಕುಟ್ಟೋನಿಗೆ ಇದೆಲ್ಲಾ ಯಾಕಪ್ಪಾ" ಅಂತ ನಮ್ಮ ಭಾವನೂ ಕೇಳಿದರು :-) ಆದರೆ ಎರಡು ತಿಂಗಳಿಂದ ಊರಿಗೆ ಫೋನ್ ಮಾಡಿದಾಗಲೆಲ್ಲಾ ಇದೇ ಮಾತು. ಫೋನಲ್ಲಿ ಹೇಳೋಕೆ ಆಗದೇ ಇರೋದನ್ನ ಇಲ್ಲಿ ಬರೀತಿದೀನಿ. ಅವಳನ್ನ ಕೇಳಿಯೇ ಬರೀತಿರೋದು, ಹೆಸರು ಹಾಕಬಾರದು ಅನ್ನೋ ಷರತ್ತಿನ ಮೇಲೆ.

ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ. ಚಿತ್ರದುರ್ಗ ಜಿಲ್ಲೆ ಅಂದ ಕೂಡಲೇ ಕೋಟೆ, ಓಬವ್ವ, ಬಂಡೆ, ಬರ ಅಂದುಕೊಳ್ಳೋರು ನಮ್ಮ ಕಡೆ ಬಂದರೆ ಸ್ವಲ್ಪ ಗಲಿಬಿಲಿ ಆಗ್ತಾರೆ, ಯಾಕಂದ್ರೆ ಇಲ್ಲಿರೋದು ಅಡಿಕೆ ತೋಟ. 2021ರಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ದಾಟಿದ ಮೇಲೆ ಭೀಮಸಮುದ್ರದ ಮಂಡಿಯಿಂದ ಬಂದ ದುಡ್ಡು ಊರೂರಲ್ಲೂ ಸಿಮೆಂಟು, ಕಬ್ಬಿಣ, ಗ್ರಾನೈಟಾಗಿ ಎದ್ದು ನಿಂತಿದೆ. ಹಳೇ ಹೆಂಚಿನ ಮನೆ ಕೆಡವೋದು, ಆರ್‌ಸಿಸಿ ಹಾಕೋದು. ತಪ್ಪೇನಿಲ್ಲ. ಸೋರೋ ಮನೇಲಿ ಮಳೆಗಾಲ ಕಳೆದವರಿಗೆ ಗೊತ್ತು ಆರ್‌ಸಿಸಿ ಸುಖ.

ಹೊಸ ಮನೆಗಳ ನಕ್ಷೆ ನೋಡಿದೀರಾ? ಎಲ್ಲಾ ಒಂದೇ ಥರ. ದೊಡ್ಡ ಹಾಲು, ಟೀವಿ ಯೂನಿಟ್ಟಿಗೆ ಒಂದು ಗೋಡೆ, ದೇವರ ಮನೆ, ಮಾಸ್ಟರ್ ಬೆಡ್‌ರೂಮು, ಆಮೇಲೆ ಉಳಿದ ಜಾಗದಲ್ಲಿ "ಮಕ್ಕಳ ಕೋಣೆ" ಅಂತ ಒಂದು ಚೌಕ. ನಕ್ಷೆಯಲ್ಲಿ ಮಕ್ಕಳದ್ದು. ಗೃಹಪ್ರವೇಶ ಆದ ಮೇಲೆ ಹೋಗಿ ನೋಡಿದರೆ ಆ ಕೋಣೇಲಿ ಅಡಿಕೆ ಮೂಟೆ, ಹಳೇ ಗಾದ್ರೇಜ್ ಬೀರು, ಹೊಲಿಗೆ ಮಿಷನ್ನು, ಮದುವೆ ಪಾತ್ರೆ. ನೆಂಟರು ಬಂದರೆ ಮಕ್ಕಳು ಹಾಲಿಗೆ, ನೆಂಟರು ಕೋಣೆಗೆ. ಅಡಿಕೆಗೆ ರೇಟು ಬರೋ ತನಕ ಮೂಟೆಗಳಿಗೆ ಬಾಡಿಗೆ ಇಲ್ಲದ ರೂಮು ಅದು.

ನಮ್ಮ ಅಕ್ಕನ ಮನೇಲಿ ಇಷ್ಟರ ಮಟ್ಟಿಗೆ ಪರವಾಗಿಲ್ಲ. ಭಾವ ಮಗಳಿಗೆ ಅಂತ ಕೋಣೆ ಮಾಡಿಸಲೇಬೇಕು ಅಂತ ಹಟ ಹಿಡಿದರು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಓದೋಕೆ ಜಾಗ ಬೇಕು ಅಂತ. ದಾವಣಗೆರೆಯಿಂದ ಇಂಟೀರಿಯರ್‌ನವರು ಬಂದು ಅಳತೆ ತಗೊಂಡು, ಲ್ಯಾಪ್‌ಟಾಪಲ್ಲಿ ಬಣ್ಣದ ಚಿತ್ರ ತೋರಿಸಿ, 2,40,000 ರೂಪಾಯಿ ಕೊಟೇಶನ್ ಕೊಟ್ಟು ಹೋದರು. ಜಿಪ್ಸಮ್ ಫಾಲ್ಸ್ ಸೀಲಿಂಗು, ಅಂಚಿಗೆ ಎಲ್‌ಇಡಿ ಪಟ್ಟಿ, ತಿಳಿ ಗುಲಾಬಿ ಬಣ್ಣ, ತಲೆ ಕಡೆ ಗೋಡೆಗೆ ಚಿಟ್ಟೆ ಚಿಟ್ಟೆ ವಾಲ್‌ಪೇಪರು, ಬಿಳಿ ಲ್ಯಾಮಿನೇಟಿನ ವಾರ್ಡ್‌ರೋಬು, ಅದೇ ಬಣ್ಣದ ಸ್ಟಡಿ ಟೇಬಲ್ಲು. ಚಿತ್ರ ಚೆನ್ನಾಗೇ ಇತ್ತು. ಅದರಲ್ಲಿ ಒಂದು ಮಗು ಕೂಡ ಕೂತಿತ್ತು, ಬೆಳ್ಳಗೆ, ಕೈಯಲ್ಲಿ ಟೆಡ್ಡಿ ಹಿಡ್ಕೊಂಡು.

ಹುಡುಗಿಯನ್ನ ಯಾರೂ ಏನೂ ಕೇಳಿರಲಿಲ್ಲ. ನಾನು ಕೇಳಿದೆ. "ಮಾವ, ನಾನು ಬರ್ದಿಟ್ಟೀನಿ" ಅಂತ ನೋಟ್ ಬುಕ್ಕಿನ ಕೊನೇ ಪುಟ ತೋರಿಸಿದಳು. ಕಡು ಹಸಿರು ಬಣ್ಣ, ತೋಟದೆಲೆ ಥರದ್ದು. ಕಿಟಕಿ ಪಕ್ಕ ಟೇಬಲ್ಲು, ತೋಟ ಕಾಣೋ ಹಾಗೆ. ಪುಸ್ತಕಕ್ಕೆ ಅಡಿಕೆ ದಬ್ಬೆಯ ಕಪಾಟು. ಒಂದು ಗೋಡೆ ಪೂರ್ತಿ ಅವಳಿಗೆ, ಏನು ಬೇಕಾದರೂ ಬರೆಯೋಕೆ, ಅಂಟಿಸೋಕೆ. ಹಳದಿ ಬೆಳಕಿನ ಬಲ್ಬು. ಮೂಟೆ ಇಡಬಾರದು, ಅದಕ್ಕೆ ಕೆಂಪು ಇಂಕಲ್ಲಿ ಅಡಿಗೆರೆ. ಕೊನೇದು, ಬಾಗಿಲಿಗೆ ಒಳಗಡೆಯಿಂದ ಚಿಲಕ.

ಭಾವ ಪಟ್ಟಿ ನೋಡಿ ಮೊದಲು ನಕ್ಕರು. ದಬ್ಬೆ ಕಪಾಟು ಅಂದಿದ್ದಕ್ಕೆ "ದನದ ಕೊಟ್ಟಿಗೆಗೆ ಹಾಕೋದನ್ನ ಹೊಸ ಮನೆಗೆ ಹಾಕ್ಸು ಅಂತಾಳಲ್ಲೋ" ಅಂದರು. ಬೆಂಗಳೂರಲ್ಲಿ ಅದೇ ದಬ್ಬೆಗೆ ಪಾಲಿಶ್ ಹೊಡೆದು ರೆಸಾರ್ಟಿನವರು ಎಷ್ಟು ದುಡ್ಡು ಎಣಿಸ್ತಾರೆ ಅಂತ ನಾನು ಹೇಳೋಕೆ ಹೋಗಲಿಲ್ಲ. ಕಡು ಹಸಿರಿಗೆ "ಕತ್ತಲಾಗತ್ತೆ" ಅಂದರು. ಆ ಮಾತು ಅರ್ಧ ಸರಿ. ಮೂರು ಗೋಡೆ ಸುಣ್ಣದ ಬಿಳಿ ಬಿಟ್ಟು ಒಂದಕ್ಕೆ ಮಾತ್ರ ಹಸಿರು ಹೊಡೆದರೆ ಕತ್ತಲಾಗಲ್ಲ. ಇವೆಲ್ಲಾ ಚೌಕಾಸಿ ಮಾಡಬಹುದಾದ ಸಂಗತಿಗಳು. ನನಗೆ ಚುಚ್ಚಿದ್ದು ಗೋಡೆ ವಿಷಯಕ್ಕೆ ಬಂದಾಗ ಅವರು ಅಂದ ಮಾತು. "ಹೊಸ ಗೋಡೆಗೆ ಮೊಳೆ ಹೊಡೆದು ಹಾಳು ಮಾಡೋದ್ಯಾಕೆ? ಇನ್ನೆಷ್ಟು ವರ್ಷ ಇರ್ತಾಳೆ ಈ ಮನೇಲಿ?"

ಭಾವ ಕೆಟ್ಟವರಲ್ಲ. ಮಗಳೆಂದರೆ ಜೀವ. ಅದಕ್ಕೇ ಎರಡೂವರೆ ಲಕ್ಷದ ಹತ್ತಿರ ಖರ್ಚು ಮಾಡೋಕೆ ರೆಡಿ ಇರೋದು. ಆ ಮಾತನ್ನ ಅವರು ಯೋಚಿಸಿ ಆಡಲೂ ಇಲ್ಲ, ನಮ್ಮ ಕಡೆ ಎಲ್ಲರ ಬಾಯಲ್ಲೂ ತಾನಾಗೇ ಬರೋ ಮಾತು ಅದು. ಹೆಣ್ಣುಮಗಳು ನೆಂಟಳು, ನೆಂಟರಿಗೆ ಒಳ್ಳೇ ಹಾಸಿಗೆ ಹಾಕ್ತೀವಿ, ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ. ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಆಗ ಮದುವೆ ಆಗದವರಿಗೆ ಮಾತ್ರ. 2005ರಲ್ಲಿ ಇಡೀ ದೇಶಕ್ಕೆ, ಎಲ್ಲಾ ಹೆಣ್ಣುಮಕ್ಕಳಿಗೂ ಆಯ್ತು. 2020ರಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರೋದು ಅಂತ ಸ್ಪಷ್ಟ ಮಾಡಿತು. ಅಂದರೆ ತೋಟದಲ್ಲಿ ಪಾಲಿದೆ, ಮೊಳೆ ಹೊಡೆಯೋಕೆ ಮಾತ್ರ ಪರ್ಮಿಶನ್ ಬೇಕು!

ಹಳೇ ಮನೇಲಿ ಈ ತಾಪತ್ರಯಾನೇ ಇರಲಿಲ್ಲ, ಯಾಕಂದ್ರೆ ಅಲ್ಲಿ ಯಾರಿಗೂ ಕೋಣೆ ಇರಲಿಲ್ಲ. ಪಡಸಾಲೆ, ನಡುಮನೆ, ಅಡುಗೆಮನೆ, ಹಿಂದೆ ಕೊಟ್ಟಿಗೆ. ಒಂದು ಕತ್ತಲೆ ಕೋಣೆ ಇದ್ದರೆ ಅದು ಕಾಳಿನ ಮೂಟೆಗೆ, ಇಲ್ಲಾ ಬಾಣಂತಿಗೆ. ಮಲಗೋದಂದ್ರೆ ಚಾಪೆ ಬಿಚ್ಚೋದು, ಎದ್ದ ಮೇಲೆ ಸುತ್ತಿ ಮೂಲೇಲಿ ನಿಲ್ಲಿಸೋದು, ಅಷ್ಟೇ. ಒಬ್ಬೊಬ್ಬರ ಪಾಲಿಗೆ ಅಂತ ಇದ್ದಿದ್ದು ಒಂದು ಟ್ರಂಕು, ಗೋಡೇಲಿ ಒಂದು ಗೂಡು, ಬಟ್ಟೆ ನೇತು ಹಾಕೋಕೆ ಒಂದು ಗೂಟ.

ಹಾಗಂತ ಆಗಿನ ಹುಡುಗೀರು ಅಲಂಕಾರ ಮಾಡಿಕೊಳ್ತಿರಲಿಲ್ಲ ಅಂತಲ್ಲ. ಇದೇ ನಮ್ಮ ಅಕ್ಕ, 2006ರ ಕೊನೇಲಿ ಮುಂಗಾರು ಮಳೆ ಬಿಡುಗಡೆ ಆದಾಗ ಪಿಯುಸಿ ಓದ್ತಿದ್ದಳು. ಪೇಪರಿನಲ್ಲಿ ಬಂದ ಆ ಸಿನಿಮಾದ ಚಿತ್ರಗಳನ್ನೆಲ್ಲಾ ಕತ್ತರಿಸಿ ಅನ್ನದ ಅಗುಳು ಹಚ್ಚಿ ಅಂಟಿಸಿದ್ದಳು. ಎಲ್ಲಿ? ಗೋಡೆ ಮೇಲಲ್ಲ. ಟ್ರಂಕಿನ ಮುಚ್ಚಳದ ಒಳಮೈಗೆ. ಮುಚ್ಚಿದರೆ ಸಾದಾ ತಗಡಿನ ಪೆಟ್ಟಿಗೆ, ತೆಗೆದರೆ ಅವಳ ಲೋಕ. ಒಂದು ಪುಟ್ಟ ಕನ್ನಡಿ, ಸೀರೆ ಅಂಚು ಕತ್ತರಿಸಿ ಮಾಡಿದ ಬಳೆ ಚೀಲ, ಯಾರೋ ಗೆಳತಿ ಬರೆದ ಕಾಗದಗಳು. ಒಂಬತ್ತು ವರ್ಷದ ನಾನು ಇಣುಕಿ ನೋಡಿದ್ದಕ್ಕೆ ಬೆನ್ನಿಗೆ ಬಿದ್ದ ಗುದ್ದು ಇನ್ನೂ ನೆನಪಿದೆ. ಒಂದಡಿಗೆ ಎರಡಡಿ ಜಾಗ. ಅದಕ್ಕೊಂದು ಬೀಗ ಇತ್ತು, ಬೀಗದ ಕೈ ಅವಳ ಹತ್ತಿರವೇ ಇತ್ತು. ನನಗೆ ಈಗ ಅನ್ನಿಸೋದು, ಅವಳ ಮಗಳ ಕೋಣೆಗೆ ಬಂದ ಕೊಟೇಶನ್ನಿನಲ್ಲಿ ಎಲ್ಲಾ ಇದೆ, ಈ ಟ್ರಂಕಿನ ಮುಚ್ಚಳ ಒಂದಿಲ್ಲ ಅಂತ.

ಗಂಡುಹುಡುಗರ ವಿಷಯ ಬೇರೆ. ನನಗೂ ಕೋಣೆ ಇರಲಿಲ್ಲ, ಬೇಕು ಅಂತ ಅನ್ನಿಸಲೂ ಇಲ್ಲ. ಕೆರೆ ಏರಿ ಇತ್ತು, ಅರಳೀಕಟ್ಟೆ ಇತ್ತು, ತೋಟದ ಪಂಪ್‌ಹೌಸ್ ಇತ್ತು, ಅದರ ಗೋಡೆ ತುಂಬಾ ನಾವು ಇದ್ದಿಲಲ್ಲಿ ಬರೆದ ಸ್ಕೋರು, ಹೆಸರು, ಬಾಣ ಚುಚ್ಚಿದ ಹೃದಯ. ತ.ರಾ.ಸು. ಕಾದಂಬರಿಗಳ ಮೇಲೆ ಪುಟ್ಟಣ್ಣನವರು 1972ರಲ್ಲಿ ಮಾಡಿದ ನಾಗರಹಾವು ನೆನಪಿಸಿಕೊಳ್ಳಿ. ರಾಮಾಚಾರಿಗೆ ಮನೇಲಿ ಉಸಿರು ಕಟ್ಟಿದರೆ ಕೋಟೆಯ ಬಂಡೆ ಇದೆ. ಇಡೀ ಚಿತ್ರದುರ್ಗ ಅವನ ರೂಮು! ಅವನ ವಯಸ್ಸಿನ ಹುಡುಗಿ ಹಾಗೆ ಒಬ್ಬಳೇ ಬಂಡೆ ಹತ್ತಿ ಕೂತಿದ್ದರೆ ಕಥೆ ಬೇರೇನೇ ಆಗ್ತಿತ್ತು. ಇವತ್ತೂ ಸಂಜೆ ಆರು ಗಂಟೆ ಮೇಲೆ ನಮ್ಮೂರ ಹುಡುಗೀರಿಗೆ ಇರೋದು ಮನೆ ಒಂದೇ. ಅದರೊಳಗೂ ಅವಳದ್ದು ಅನ್ನೋ ಮೂಲೆ ಇಲ್ಲ ಅಂದ್ರೆ ಎಲ್ಲಿಗೆ ಹೋಗಬೇಕು? ಬಚ್ಚಲುಮನೆಗೆ?

ನಮ್ಮ ಸಂಪ್ರದಾಯದಲ್ಲಿ ಹದಿಹರೆಯದ ಹುಡುಗಿಗೆ ಅಂತಲೇ ಅಲಂಕಾರ ಮಾಡಿದ ಕೋಣೆ ಒಂದಿದೆ. ಗುಡ್ಲು. ಹುಡುಗಿ ದೊಡ್ಡವಳಾದಾಗ ಸೋದರಮಾವ ಹಸಿ ಸೊಪ್ಪು ಕಡಿದು ತಂದು, ಮನೆ ಮೂಲೇಲೋ ಅಂಗಳದಲ್ಲೋ ಪುಟ್ಟ ಗುಡಿಸಲು ಕಟ್ಟಬೇಕು, ಅವಳನ್ನ ಅದರಲ್ಲಿ ಕೂರಿಸಿ ಒಸಗೆ, ಆರತಿ ಮಾಡಬೇಕು. ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ನಮ್ಮ ಮನೇಲಿ ಮಾಡಿದರೋ ಬಿಟ್ಟರೋ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ, ಅದು ಅವಳ ವಿಷಯ. ಸೊಪ್ಪಿನ ವಾಸನೆ, ಹೆಂಗಸರ ಹಾಡು, ಕೊಬ್ಬರಿ ಬೆಲ್ಲ ಎಲ್ಲಾ ಚೆಂದವೇ. ಆದರೆ ಆ ಕೋಣೆಯನ್ನ ನೋಡೋಕೆ ಊರೆಲ್ಲಾ ಬರತ್ತೆ. ಕಟ್ಟೋದು ಮಾವ, ಹಾಡೋರು ಮುತ್ತೈದೆಯರು, ಕೀಳೋದು ಯಾವತ್ತು ಅಂತ ಹೇಳೋದು ಹಿರಿಯರು. ಅವಳ ಕೆಲಸ ಕೂರೋದು. ಪಿಂಕ್ ಬಣ್ಣ, ಚಿಟ್ಟೆ ವಾಲ್‌ಪೇಪರಿನ ಕೋಣೆ ಯಾಕೋ ನನಗೆ ಅದರ ಪ್ಲೈವುಡ್ ಆವೃತ್ತಿ ಥರಾನೇ ಕಾಣತ್ತೆ.

ಇನ್ನೂ ಒಂದು ಥರದ "ಪ್ರತ್ಯೇಕ ಕೋಣೆ" ನಮ್ಮ ಜಿಲ್ಲೇಲಿದೆ, ಅದನ್ನ ಹೇಳದೇ ಮುಂದೆ ಹೋದರೆ ಅಪ್ರಾಮಾಣಿಕ ಆಗತ್ತೆ. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯರನ್ನ, ಬಾಣಂತಿಯರನ್ನ ಹಟ್ಟಿಯ ಆಚೆ ಗುಡಿಸಲಲ್ಲಿ ಇರಿಸೋ ಪದ್ಧತಿ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟೀಲಿ ಹೀಗೆ ಹೊರಗಿಟ್ಟಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿದ್ದು ಪತ್ರಿಕೆಗಳಲ್ಲೆಲ್ಲಾ ಬಂತು. ಮುಟ್ಟಾದವರನ್ನ, ಗರ್ಭಿಣಿಯರನ್ನ ಬಲವಂತವಾಗಿ ಬೇರೆ ಇಡೋದನ್ನ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ನಿಷೇಧಿಸಿದೆ, 2020ರಿಂದ ಅದು ಜಾರಿಯಲ್ಲಿದೆ. ಅಲ್ಲಿನ ಹೆಣ್ಣುಮಕ್ಕಳ ಕಷ್ಟವನ್ನ ನಮ್ಮ ಅಡಿಕೆ ದುಡ್ಡಿನ ಮನೆ ಜೊತೆ ಹೋಲಿಸೋದು ಸರಿಯಲ್ಲ, ಹೋಲಿಸ್ತಾನೂ ಇಲ್ಲ. ನಾಲ್ಕು ಗೋಡೆ ಕಟ್ಟಿ ಒಂದು ಹುಡುಗೀನ ಒಳಗೆ ಬಿಟ್ಟ ಮಾತ್ರಕ್ಕೆ ಅದು ಅವಳ ಕೋಣೆ ಆಗಲ್ಲ ಅನ್ನೋದಕ್ಕೆ ಹೇಳಿದೆ. ಬಾಗಿಲು ತೆಗೆಯೋರು ಯಾರು, ಹಾಕೋರು ಯಾರು ಅನ್ನೋದರ ಮೇಲಿದೆ ಎಲ್ಲಾ.

ಚಿಲಕದ ಪ್ರಶ್ನೆಗೆ ಬರ್ತೀನಿ. ಇದಕ್ಕೆ ಅಕ್ಕನೇ ಅಡ್ಡ ಬಂದಳು, ಭಾವ ಅಲ್ಲ. "ಬಾಗ್ಲು ಹಾಕ್ಕೊಂಡು ಮೊಬೈಲ್ ಹಿಡ್ಕೊಂಡು ಕೂತ್ರೆ ಏನ್ ಮಾಡ್ತಾಳೆ ಅಂತ ಯಾರಿಗ್ ಗೊತ್ತು? ಮಾರ್ಕ್ಸ್ ಕಮ್ಮಿ ಬಂದು ಏನಾದ್ರೂ ಮಾಡ್ಕೊಂಡ್ರೆ?" ಈ ಭಯವನ್ನ ತಳ್ಳಿಹಾಕೋಕೆ ಆಗಲ್ಲ. ರಿಸಲ್ಟ್ ಬಂದ ವಾರ ಪೇಪರು ಓದೋ ಯಾವ ತಾಯಿಗೂ ಇರೋ ಭಯ ಅದು. ಆದರೆ ಇದಕ್ಕೆ ದಾರಿ ಇದೆ. ಬಾತ್‌ರೂಮ್ ಬಾಗಿಲಿಗೆ ಹಾಕೋ ಒಂದು ಥರದ ಲಾಕ್ ಸಿಗತ್ತೆ, ಒಳಗಿಂದ ಹಾಕಿಕೊಂಡರೂ ತುರ್ತು ಬಂದಾಗ ಹೊರಗಿನಿಂದ ಒಂದು ನಾಣ್ಯ ಸಿಕ್ಕಿಸಿ ತಿರುಗಿಸಿದರೆ ತೆಗೆಯತ್ತೆ. ಫಾಲ್ಸ್ ಸೀಲಿಂಗಿಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ರಾತ್ರಿ ಮೊಬೈಲು ಹಾಲಿನಲ್ಲಿ ಚಾರ್ಜಿಗೆ, ಅಪ್ಪ ಅಮ್ಮಂದೂ ಸೇರಿ. ಈ ಕೊನೇ ಮಾತಿಗೆ ಭಾವ ಕೆಮ್ಮಿದರು :-)

ಅಂದ ಹಾಗೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟಿನಲ್ಲಿ ಹೇಳಿತಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಪುಟ್ಟಸ್ವಾಮಿಯವರು. ಆಧಾರ್ ವಿಷಯಕ್ಕೆ ಶುರುವಾದ ಕೇಸು. ನಾವು ಐಟಿಯವರು ಡೇಟಾ ಪ್ರೈವೆಸಿ ಅಂತ ಗಂಟೆಗಟ್ಟಲೆ ಮೀಟಿಂಗ್ ಮಾಡ್ತೀವಿ, ಮನೇಲಿ ತಂಗಿಯ ಡೈರಿ ಓದ್ತೀವಿ.

ಬಣ್ಣದ ಬಗ್ಗೆ ಒಂದು ಮಾತು. ಹುಡುಗಿ ಅಂದ್ರೆ ಪಿಂಕು, ಹುಡುಗ ಅಂದ್ರೆ ನೀಲಿ ಅನ್ನೋದು ಅಮೆರಿಕದಿಂದ ಬಂದ ವ್ಯಾಪಾರದ ಪದ್ಧತಿ. ಅಲ್ಲೇ 1918ರ ಸುಮಾರಿಗೆ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಹುಡುಗರಿಗೆ ಪಿಂಕು, ಹುಡುಗಿಯರಿಗೆ ನೀಲಿ ಒಪ್ಪತ್ತೆ ಅಂತ ಉಲ್ಟಾ ಸಲಹೆ ಕೊಟ್ಟಿತ್ತು! ನಮ್ಮಜ್ಜಿ ಕಾಲದ ಗೋಡೆಗೆ ಗೊತ್ತಿದ್ದಿದ್ದು ಸುಣ್ಣ, ಕೆಮ್ಮಣ್ಣು, ಅಷ್ಟೇ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೀತಾರೆ, ಪುಂಡಿ ನಾರಿನ ಕುಂಚದಲ್ಲಿ. ಎಷ್ಟು ಚೆನ್ನಾಗಿರತ್ತೆ ನೋಡಿ. ಅಲ್ಲಿ ಗೋಡೆ ಹೆಂಗಸರ ಕೈಯಲ್ಲಿತ್ತು. ಏಷ್ಯನ್ ಪೇಂಟ್ಸ್ ಬಣ್ಣದ ಪಟ್ಟಿ ಬಂದ ಮೇಲೆ ಗೋಡೆ ಗಂಡಸರ ಕೈಗೆ ಬಂತೇನೋ ಅಂತ ನನಗೊಂದು ಅನುಮಾನ. ಪುರಾವೆ ಕೇಳಬೇಡಿ.

ಕೋಣೆ ಅಂದ್ರೆ ಏನು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಆನ್ ಫ್ರಾಂಕ್ ಬಗ್ಗೆ ಓದಿದಾಗ. ಎಲ್ಲರಿಗೂ ಗೊತ್ತಿರೋ ಹುಡುಗಿ. 1942ರ ಜುಲೈಯಲ್ಲಿ ಅವಳ ಕುಟುಂಬ ನಾಜಿಗಳಿಗೆ ಹೆದರಿ ಆಮ್‌ಸ್ಟರ್‌ಡಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡಾಗ ಅವಳಿಗೆ ಹದಿಮೂರು ವರ್ಷ. ಗೋಡೆ ಬೋಳಾಗಿತ್ತು. ಅವಳ ಅಪ್ಪ ಏನು ಮಾಡಿದ್ದರು ಗೊತ್ತಾ? ಅವಳು ಕೂಡಿಟ್ಟಿದ್ದ ಸಿನಿಮಾ ನಟಿಯರ ಚಿತ್ರ, ಪೋಸ್ಟ್‌ಕಾರ್ಡುಗಳನ್ನ ಮೊದಲೇ ಅಲ್ಲಿಗೆ ಸಾಗಿಸಿಟ್ಟಿದ್ದರು. ಪ್ರಾಣ ಉಳಿಸಿಕೊಳ್ಳೋಕೆ ಓಡುವಾಗ ಮಗಳ ಪೋಸ್ಟ್‌ಕಾರ್ಡು! ಅವಳು ಗೋಂದು ಹಚ್ಚಿ ಗೋಡೆ ತುಂಬಾ ಅಂಟಿಸಿದಳು. ಆಮೇಲೆ ಆ ಪುಟ್ಟ ಕೋಣೆಯನ್ನ ನಡುವಯಸ್ಸಿನ ದಂತವೈದ್ಯರೊಬ್ಬರ ಜೊತೆ ಹಂಚಿಕೊಳ್ಳಬೇಕಾಗಿ ಬಂತು. ದಿನ ಕಳೆದ ಹಾಗೆ ಅವಳ ರುಚಿ ಬದಲಾಯ್ತು. ನಟಿಯರ ಪಕ್ಕದಲ್ಲಿ, ಕೆಲವು ಕಡೆ ಅವರ ಮೇಲೆಯೇ, ಲಿಯೊನಾರ್ಡೊ, ಮೈಕೆಲಾಂಜೆಲೊ ಬಂದರು. ಆ ಚಿತ್ರಗಳು ಇವತ್ತಿಗೂ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಅದೇ ಗೋಡೆ ಮೇಲಿವೆ. ನಾನು ಇದನ್ನ ಭಾವನಿಗೆ ಹೇಳಿದೆ. ಆ ಅಪ್ಪನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಆಮೇಲೆ ಏನಾದ್ಲು" ಅಂದರು. ಹೇಳಿದೆ.

ಹೀಗೆ ಒಂದರ ಮೇಲೊಂದು ಅಂಟಿಸೋದಿದೆಯಲ್ಲ, ಅದೇ ಹದಿಹರೆಯ. ಹದಿಮೂರಕ್ಕೆ ಇಷ್ಟವಾಗಿದ್ದು ಹದಿನೈದಕ್ಕೆ ನಾಚಿಕೆ. ಅಂಥಾ ವಯಸ್ಸಿಗೆ ಹತ್ತು ವರ್ಷ ಬಾಳಿಕೆ ಬರೋ ಲ್ಯಾಮಿನೇಟು ಯಾಕೆ? ನನ್ನ ಲೆಕ್ಕದಲ್ಲಿ 2,40,000 ಪೂರ್ತಿ ದಂಡ. ಫಾಲ್ಸ್ ಸೀಲಿಂಗು ಮೊದಲು ಬಿಡಬೇಕು. ಮೊದಲೇ ಹತ್ತಡಿ ಎತ್ತರದ ಕೋಣೆ, ಅದನ್ನೂ ತಗ್ಗಿಸಿದರೆ ಏಪ್ರಿಲ್ಲಿನ ಸೆಖೇಲಿ ಫ್ಯಾನ್ ಗಾಳಿ ಎಲ್ಲಿ ಆಡಬೇಕು? ಆ ದುಡ್ಡಲ್ಲಿ ತಾರಸಿಗೆ ಬಿಳಿ ಕೂಲ್ ಪೇಂಟ್ ಹೊಡೆಸಿದರೆ ಇಡೀ ಮನೆಗೆ ತಂಪು. ವಾಲ್‌ಪೇಪರು ನಮ್ಮ ಮಳೆಗಾಲದ ತೇವಕ್ಕೆ ಅಂಚಿನಿಂದ ಎದ್ದು ಬರತ್ತೆ. ಒಂದು ಒಳ್ಳೇ ಟೇಬಲ್ಲು, ಬೆನ್ನಿಗೆ ಆನಿಕೆ ಇರೋ ಕುರ್ಚಿ, ಕರೆಂಟ್ ಹೋದರೂ ಉರಿಯೋ ಹಾಗೆ ಯುಪಿಎಸ್ ಲೈನಿಗೆ ಕೊಟ್ಟ ಒಂದು ದೀಪ, ಇದಕ್ಕೆ ಖರ್ಚು ಮಾಡಲಿ. ಗೋಡೆ ಹಾಳಾಗತ್ತೆ ಅನ್ನೋ ಚಿಂತೆಗೆ ನಮ್ಮ ಬಡಗಿಯವರೇ ಪರಿಹಾರ ಹೇಳಿದರು. ಗೋಡೆಗೆ ಅಡ್ಡಡ್ಡ ಮೂರು ಮರದ ಪಟ್ಟಿ ಸ್ಕ್ರೂ ಹಾಕಿ ಕೂರಿಸೋದು, ಆಮೇಲೆ ಅವಳು ಎಷ್ಟು ಮೊಳೆ ಹೊಡೆದರೂ ಪಟ್ಟಿಗೇ ಹೊಡೆಯೋದು. ಆರು ಸ್ಕ್ರೂ ಬಿಚ್ಚಿದರೆ ಮತ್ತೆ ಗೋಡೆ ಗೋಡೆಯೇ. ದಬ್ಬೆ ಕಪಾಟೂ ಅವರೇ ಮಾಡಿಕೊಡ್ತಾರಂತೆ, ಸಿಬಿರು ಹೆರೆದು.

ವಾಸ್ತು ಪ್ರಕಾರ ಮಂಚದ ತಲೆ ದಕ್ಷಿಣಕ್ಕೆ, ಓದೋ ಮುಖ ಪೂರ್ವಕ್ಕೆ ಅನ್ನೋದನ್ನ ಅವಳು ಒಪ್ಪಿಕೊಂಡಿದಾಳೆ. ತೋಟ ಇರೋದೂ ಪೂರ್ವಕ್ಕೇ, ಅದೃಷ್ಟ :-)

ಭಾವ ಕೇಳಿದ "ಇನ್ನೆಷ್ಟು ವರ್ಷ" ಅನ್ನೋದಕ್ಕೆ ನಿಜವಾದ ಉತ್ತರ ಒಂದೂವರೆ ವರ್ಷ. ಮದುವೆಗಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನಮ್ಮ ಕಡೆ ಮಕ್ಕಳನ್ನ ದಾವಣಗೆರೆ, ಮಂಗಳೂರು, ಮೂಡುಬಿದಿರೆ ಅಂತ ಪಿಯು ಹಾಸ್ಟೆಲ್ಲಿಗೆ ಹಾಕೋದು ರೂಢಿ, ಇವಳಿಗೂ ಆಗಲೇ ವಿಚಾರಣೆ ನಡೀತಿದೆ. ಅಲ್ಲಿ ಒಂದರ ಮೇಲೊಂದು ಮಂಚ, ಒಂದು ಟ್ರಂಕು, ವಾರ್ಡನ್ನು. ಅಂದರೆ ಹುಡುಗಿ ತನ್ನ ಇಷ್ಟ ಏನು ಅಂತ ಕಂಡುಕೊಳ್ಳೋ ವಯಸ್ಸಲ್ಲಿ ಅವಳ ಕೈಗೆ ಒಂದು ಗೋಡೆ ಸಿಗೋದು ಈ ಒಂದೂವರೆ ವರ್ಷ ಮಾತ್ರ. ಕಡಿಮೆ ದಿನ ಅನ್ನೋದು ಕೊಡದೇ ಇರೋಕೆ ಕಾರಣ ಹೇಗಾಗತ್ತೆ? ಅವಳು ಹಾಸ್ಟೆಲ್ಲಿಗೆ ಹೋದ ಮೇಲೂ ಆ ಕೋಣೆಗೆ ಮೂಟೆ ಇಡಬೇಡಿ ಅಂತ ನಾನು ಭಾವನ ಹತ್ತಿರ ಮಾತು ತಗೊಂಡಿದೀನಿ. ಅಡಿಕೆ ಸುಗ್ಗೀಲಿ ಆ ಮಾತು ಎಷ್ಟು ದಿನ ನಿಲ್ಲತ್ತೋ, ಅಕ್ಕನ ಮೇಲೆ ಭಾರ ಹಾಕಿದೀನಿ.

ಇಷ್ಟರ ತನಕ ಆಗಿರೋದು ಇಷ್ಟು: ಫಾಲ್ಸ್ ಸೀಲಿಂಗು ಬಿಟ್ಟರು, ಮರದ ಪಟ್ಟಿಗೆ ಒಪ್ಪಿದರು, ಲಾಕ್ ಇನ್ನೂ ಚರ್ಚೆಯಲ್ಲಿದೆ, ಹಸಿರಿಗೆ ಭಾವ ಇನ್ನೂ ಮುಖ ಸಿಂಡರಿಸ್ತಿದಾರೆ. ಪೇಂಟರ್ ಮುಂದಿನ ವಾರ ಬರ್ತಾರೆ.

ನಿಮ್ಮಲ್ಲಿ ಯಾರಿಗಾದರೂ ಆ ವಯಸ್ಸಲ್ಲಿ ಸ್ವಂತ ಗೋಡೆ ಇತ್ತಾ? ಅಥವಾ ಟ್ರಂಕಿನ ಮುಚ್ಚಳ, ಡೆಸ್ಕಿನ ಒಳಭಾಗ, ಬೀರುವಿನ ಬಾಗಿಲು? ಏನು ಅಂಟಿಸಿದ್ರಿ ಅಂತ ಬರೀರಿ. ಭಾವನಿಗೆ ಓದಿ ಹೇಳ್ತೀನಿ.